ನಿದ್ರೆ ಬಾರದ ರಾತ್ರಿಗಳೂ ನಿದ್ರೆಯ ಮಾತ್ರೆಯೂ

(ಮನೆಕೂಟಗಳಲ್ಲಿ ಓದಿ ಮಾತಾಡಿಕೊಳ್ಳತಕ್ಕ ಪಾಠ)



ಜ್ವರ ಬಂದವನನ್ನು ನೋಡುವದಕ್ಕೆ ನೆರೆಯವರು ಬರುತ್ತಾರೆ. ಕೈ ಮುರಿದವನಿಗಾಗಿ ಎಲ್ಲರೂ ಮರುಗುತ್ತಾರೆ. ಆದರೆ ನಿದ್ರೆ ಬಾರದವನ ಕಷ್ಟವನ್ನು ಯಾರೂ ಕಾಣರು. ಯಾಕಂದರೆ ಅವನು ಕಷ್ಟಪಡುವ ಹೊತ್ತಿನಲ್ಲಿ ಉಳಿದವರೆಲ್ಲರೂ ನಿದ್ರಿಸುತ್ತಿರುತ್ತಾರೆ. ಬೆಳಿಗ್ಗೆ ಅವನು ಹೇಳಿಕೊಂಡರೆ, ದಿನವೆಲ್ಲಾ ಚೆನ್ನಾಗಿ ದುಡಿ, ನಿದ್ರೆ ತಾನಾಗಿ ಬರುವದು ಎಂದು ನಗುತ್ತಾರೆ.

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಯಂಥ ಸೀಮೆಯಲ್ಲಿ ಈ ಕಷ್ಟಕ್ಕೆ ಕಾರಣಗಳು ಕಡಿಮೆಯಿಲ್ಲ. ಮಳೆಯನ್ನೇ ನಂಬಿ ಶೇಂಗಾ ಬಿತ್ತಿದವನು ಮುಗಿಲನ್ನು ನೋಡುತ್ತಾ ಮಲಗುತ್ತಾನೆ. ಕೊಳವೆಬಾವಿಯುಳ್ಳವನು ಕರೆಂಟು ರಾತ್ರಿ ಬಂದರೆ ರಾತ್ರಿಯೇ ಎದ್ದು ಹೊಲಕ್ಕೆ ನೀರು ಹಾಯಿಸಬೇಕು. ರೇಷ್ಮೆ ಸೀರೆಯ ಮಗ್ಗದಲ್ಲಿ ಕೂಡ್ರುವವನಿಗೆ ಸೀರೆಯನ್ನು ಒಪ್ಪಿಸಬೇಕಾದ ದಿನದ ಚಿಂತೆ. ಬೇಸಿಗೆಯಲ್ಲಂತೂ ಬಂಡೆಗಳ ಕಾವು ನಡುರಾತ್ರಿ ದಾಟಿದರೂ ಆರುವದಿಲ್ಲ.

ಹೀಗೆ ಬಳಲಿದವರು ಸಾಧಾರಣವಾಗಿ ಎರಡು ತಪ್ಪುಗಳೊಳಗೆ ಒಂದರಲ್ಲಿ ಬೀಳುತ್ತಾರೆ. ಒಬ್ಬನು ಅಂಗಡಿಯಿಂದಲೋ ನೆರೆಯವರ ಡಬ್ಬಿಯಿಂದಲೋ ಒಂದು ಮಾತ್ರೆಯನ್ನು ತಂದು ನುಂಗಿ ಆ ರಾತ್ರಿ ಸುಖವಾಗಿ ಮಲಗುತ್ತಾನೆ. ಆರು ತಿಂಗಳಾದ ಮೇಲೆ ಅದಿಲ್ಲದೆ ಕಣ್ಣು ಮುಚ್ಚಲಾರನು. ಇನ್ನೊಬ್ಬನು ನಿದ್ರೆಯ ಮಾತ್ರೆ ಎಂಬ ಹೆಸರಿಗೇ ಹೆದರಿ, ವೈದ್ಯರು ಯೋಚಿಸಿ ಕೊಟ್ಟದ್ದನ್ನು ಸಹ ಒಂದೇ ದಿನದಲ್ಲಿ ಎಸೆದುಬಿಡುತ್ತಾನೆ. ಮೊದಲನೆಯವನು ತಾನಾಗಿ ತೊಡಗಿದನು. ಎರಡನೆಯವನು ತಾನಾಗಿ ಬಿಟ್ಟನು. ಈ ಎರಡೂ ಅಪಾಯವೇ. ಇದು ಹೇಗೆಂಬದನ್ನೂ, ಇವೆರಡರ ನಡುವೆ ಇರುವ ಒಳ್ಳೇ ದಾರಿ ಯಾವದೆಂಬದನ್ನೂ ಈ ಪಾಠದಲ್ಲಿ ಕ್ರಮವಾಗಿ ವಿಚಾರಿಸೋಣ.

1. ನಿದ್ರೆಯು ಹೇಗೆ ಬರುತ್ತದೆ?

ನಿದ್ರೆಯನ್ನು ತರುವ ಸಂಗತಿಗಳು ಮುಖ್ಯವಾಗಿ ಎರಡು. ಮೊದಲನೆಯದು ಎಚ್ಚರವಾಗಿದ್ದ ಹೊತ್ತು. ನಾವು ಎದ್ದಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ಪದಾರ್ಥವು ಕೂಡುತ್ತಾ ಹೋಗುತ್ತದೆ. ಅದು ಹೆಚ್ಚಿದ ಹಾಗೆ ಕಣ್ಣು ಭಾರವಾಗುತ್ತದೆ. ಮಲಗಿ ನಿದ್ರಿಸಿದಾಗ ಅದು ಇಳಿಯುತ್ತದೆ. ಆದದರಿಂದ ಮಧ್ಯಾಹ್ನ ಎರಡು ತಾಸು ಮಲಗಿದವನು ರಾತ್ರಿಯ ನಿದ್ರೆಯೊಳಗಿಂದ ಸಾಲ ತೆಗೆದವನಿಗೆ ಸಮಾನನು. ಚಹಾ, ಕಾಫಿಗಳಲ್ಲಿರುವ ಕೆಫೀನ್ ಆ ಪದಾರ್ಥದ ಕೆಲಸವನ್ನು ತಡೆಯುತ್ತದೆ. ಕುಡಿದ ಐದಾರು ತಾಸುಗಳ ಮೇಲೆಯೂ ಅದರಲ್ಲಿ ಸುಮಾರು ಅರ್ಧ ಪಾಲು ದೇಹದಲ್ಲಿ ಉಳಿದಿರುತ್ತದೆ.

ಎರಡನೆಯದು ದೇಹದ ಒಳಗಿನ ಗಡಿಯಾರ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದಾಗ ಆ ಗಡಿಯಾರವು ಸರಿಹೋಗುತ್ತದೆ. ಒಂದು ದಿನ ನಾಲ್ಕು ಗಂಟೆಗೂ ಮರುದಿನ ಎಂಟು ಗಂಟೆಗೂ ಏಳುವವನ ಗಡಿಯಾರವು ದಿನಾಲೂ ಅಲುಗಾಡುತ್ತಿರುವದು.

ದೊಡ್ಡವರಿಗೆ ರಾತ್ರಿಗೆ ಏಳು ತಾಸುಗಳಾದರೂ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಆದರೆ ಎಲ್ಲರ ಅಳತೆಯೂ ಒಂದೇ ಅಲ್ಲ. ಮುಪ್ಪಿನಲ್ಲಿ ನಿದ್ರೆ ತೆಳುವಾಗಿ, ನಡುನಡುವೆ ಎಚ್ಚರವಾಗುವದು ಸಹಜ. ವಾರಕ್ಕೆ ಮೂರು ರಾತ್ರಿಯಾದರೂ, ಮೂರು ತಿಂಗಳು ಅಥವಾ ಹೆಚ್ಚು ಕಾಲ ನಿದ್ರೆ ಬಾರದೆ, ಹಗಲಿನ ಕೆಲಸವೂ ಕೆಡುತ್ತಿದ್ದರೆ, ಅದು ಬೇರೂರಿದ ನಿದ್ರಾಹೀನತೆ.

2. ಕೆಡಿಸುವದು ಯಾವದೆಂದು ಮೊದಲು ಹುಡುಕಬೇಕು

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಮಗೆಲ್ಲರಿಗೂ ಗೊತ್ತು. ಅದು ಸತ್ಯವೇ, ಆದರೆ ಪೂರ್ಣ ಸತ್ಯವಲ್ಲ. ಚಿಂತೆಯಿಲ್ಲದೆ ದೇಹದ ನಿಮಿತ್ತವಾಗಿಯೇ ನಿದ್ರೆ ಕಳಕೊಳ್ಳುವವರು ಅನೇಕರು. ಸಿಹಿಮೂತ್ರದ ರೋಗಿಯು ರಾತ್ರಿ ಪದೇಪದೇ ಏಳುತ್ತಾನೆ. ಉಬ್ಬಸ, ಕೆಮ್ಮು, ಕೀಲುನೋವು, ತುರಿಕೆ, ಎದೆಯುರಿ ಇವೆಲ್ಲವೂ ನಿದ್ರೆಯ ಶತ್ರುಗಳು. ರಕ್ತ ಕಡಿಮೆಯಾದ ಹೆಂಗಸು, ಮಲಗಿದ ಕೂಡಲೇ ಕಾಲಿನಲ್ಲಿ ಏನೋ ಹರಿದಾಡಿದಂತಾಗಿ ಕಾಲನ್ನು ಆಡಿಸದೆ ಇರಲಾರಳು. ಅಂಥವಳಿಗೆ ಕಬ್ಬಿಣಾಂಶದ ಚಿಕಿತ್ಸೆಯಿಂದ ನಿದ್ರೆ ಬರಬಹುದೇ ಹೊರತು ನಿದ್ರೆಯ ಮಾತ್ರೆಯಿಂದಲ್ಲ. ಮೂತ್ರ ಹೋಗಿಸುವ ಗುಳಿಗೆಯನ್ನು ಸಂಜೆಗೆ ತೆಗೆದುಕೊಂಡು ರಾತ್ರಿಯೆಲ್ಲಾ ಎದ್ದು ಕೂತವರೂ ಉಂಟು; ಅದರ ಹೊತ್ತನ್ನು ಬದಲಾಯಿಸಬಹುದೋ ಎಂದು ವೈದ್ಯರನ್ನು ಕೇಳಿದರೆ ಸಾಕು.

ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತು ಮತ್ತೆ ಬಿಕ್ಕಿ ಎಳೆದುಕೊಳ್ಳುವವರನ್ನು ಮನೆಯವರು ಗಮನಿಸಬೇಕು. ಇವರಿಗೆ ನಿದ್ರೆಯ ಮಾತ್ರೆಯು ಉಸಿರಾಟವನ್ನು ಇನ್ನಷ್ಟು ಕುಂದಿಸಬಹುದಾದದರಿಂದ, ಪರೀಕ್ಷೆಯಾಗದೆ ಅದನ್ನು ಕೊಡಲೇಬಾರದು.

ಹೆಂಡ ಸಾರಾಯಿಗಳ ವಿಷಯವಾಗಿ ಒಂದು ಮಾತು. ಒಂದು ಗುಟುಕು ಹಾಕಿದರೆ ನಿದ್ರೆ ಬರುತ್ತದೆಂದು ಹೇಳುವವನು ಅರ್ಧ ಸತ್ಯವನ್ನೇ ಹೇಳುತ್ತಾನೆ. ಮೊದಲ ಜಾವದಲ್ಲಿ ಬಂದ ನಿದ್ರೆಯನ್ನು ಅದೇ ಕುಡಿತವು ಕಡೆಯ ಜಾವದಲ್ಲಿ ಕಿತ್ತುಕೊಳ್ಳುತ್ತದೆ. ಬೀಡಿ, ಹೊಗೆಸೊಪ್ಪುಗಳೂ ಎಚ್ಚರವನ್ನೇ ಹೆಚ್ಚಿಸುತ್ತವೆ.

ಇನ್ನು ಮನಸ್ಸಿನ ಬೇನೆ. ಮೂರು ನಾಲ್ಕು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿರುವದು, ಊಟ ರುಚಿಸದಿರುವದು, ಮಕ್ಕಳ ಮಾತಿನಲ್ಲಿಯೂ ಸಂತೋಷವಿಲ್ಲದಿರುವದು, ಬದುಕಿದ್ದು ಏನು ಫಲ ಎಂದು ಆಡಿಕೊಳ್ಳುವದು—ಇವು ಕೂಡಿ ಎರಡು ವಾರ ಇದ್ದರೆ, ಅದು ಖಿನ್ನತೆಯೆಂಬ ರೋಗವಾಗಿರಬಹುದು. ಬೆಳೆ ಹೋಗಿ ಸಾಲ ಉಳಿದ ಮನೆಯಲ್ಲಿ ಇಂಥ ಮಾತು ಕೇಳಿಬಂದರೆ ಅದನ್ನು ಬಾಯಿಮಾತೆಂದು ಎಣಿಸಬಾರದು. ಅಂಥವನನ್ನು ಒಂಟಿಯಾಗಿ ಬಿಡಬಾರದು. ಮಾತ್ರೆಯ ಡಬ್ಬಿಯನ್ನೂ ಹೊಲಕ್ಕೆ ಹೊಡೆಯುವ ವಿಷದ ಔಷಧವನ್ನೂ ಅವನ ಕೈಗೆ ಸಿಗದಂತೆ ಇಟ್ಟು, ಆ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

3. ಮಾತ್ರೆಯು ಏನು ಮಾಡುತ್ತದೆ, ಏನು ಮಾಡಲಾರದು

ನಿದ್ರೆಯ ಔಷಧಗಳ ಚರಿತ್ರೆಯಿಂದ ನಾವು ಕಲಿಯತಕ್ಕದ್ದು ಉಂಟು. 1869ರಲ್ಲಿ ಜರ್ಮನಿಯಲ್ಲಿ ಕ್ಲೋರಲ್ ಹೈಡ್ರೇಟ್ ಎಂಬ ಔಷಧವು ನಿದ್ರೆಗಾಗಿ ಬಳಕೆಗೆ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾರ್ಬಿಟಾಲ್ ಮೊದಲಾದವುಗಳು ಬಂದವು. ಇವು ಅಳತೆ ಸ್ವಲ್ಪ ಮೀರಿದರೂ ಪ್ರಾಣ ತೆಗೆಯುವಂಥವುಗಳಾಗಿದ್ದವು. 1960ರಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್, 1963ರಲ್ಲಿ ಡಯಾಜೆಪಾಮ್ ಮಾರಾಟಕ್ಕೆ ಬಂದಾಗ, ಇವು ಹಿಂದಿನವುಗಳಿಗಿಂತ ನಿರಪಾಯವೆಂದು ಜನರು ಸಂತೋಷಪಟ್ಟರು. ಅಳತೆಯ ಮಟ್ಟಿಗೆ ಅದು ನಿಜವೇ. ಆದರೆ ಕೆಲವು ವರುಷಗಳೊಳಗೆ, ಇವುಗಳನ್ನು ಬಹುಕಾಲ ತೆಗೆದುಕೊಂಡವರು ಬಿಡಲಾರದೆ ಹೋಗುತ್ತಾರೆಂಬದು ತಿಳಿದುಬಂತು. ಪ್ರತಿಯೊಂದು ಹೊಸ ಔಷಧವೂ ಹೊರೆಯಿಲ್ಲದ ನಿದ್ರೆಯನ್ನು ಕೊಡುವದೆಂಬ ಮಾತಿನೊಡನೆ ಬಂತು. ಹೊರೆಯು ಏನೆಂಬದು ತರುವಾಯ ಗೊತ್ತಾಯಿತು.

ಆಲ್ಪ್ರಜೋಲಾಮ್, ಡಯಾಜೆಪಾಮ್, ನೈಟ್ರಜೆಪಾಮ್ ಎಂಬವುಗಳು ಈ ಡಯಾಜೆಪಾಮಿನ ಕುಲಕ್ಕೆ ಸೇರಿದವು. ಜೋಲ್ಪಿಡೆಮ್ ಬೇರೆ ಕುಲದ್ದಾದರೂ ಅದರ ಕೆಲಸವು ಇವುಗಳ ಕೆಲಸದಂತೆಯೇ. ಇವೆಲ್ಲವೂ ಮೆದುಳಿನಲ್ಲಿ ಸ್ವಭಾವವಾಗಿಯೇ ಇರುವ ಶಾಂತಗೊಳಿಸುವ ಶಕ್ತಿಯನ್ನು ಹೆಚ್ಚಿಸುತ್ತವೆ. ಮನೆಯಲ್ಲಿ ಸಾವಾಗಿ ಹಲವು ರಾತ್ರಿ ಕಣ್ಣು ಮುಚ್ಚದವನಿಗೆ ವೈದ್ಯರು ಕೆಲವು ದಿನಗಳ ಮಟ್ಟಿಗೆ ಇವನ್ನು ಕೊಟ್ಟರೆ, ಕಾಲು ಉಳುಕಿದವನಿಗೆ ಕೋಲು ಕೊಟ್ಟ ಹಾಗೆ. ಆದರೆ ಕೋಲು ಕಾಲನ್ನು ವಾಸಿಮಾಡುವದಿಲ್ಲ. ದಿನಾಲೂ ನುಂಗಿದರೆ ಕೆಲವು ವಾರಗಳಲ್ಲಿಯೇ ದೇಹವು ಅದಕ್ಕೆ ಒಗ್ಗಿಕೊಂಡು, ಅರ್ಧ ಮಾತ್ರೆಯ ಕೆಲಸಕ್ಕೆ ಒಂದು, ಒಂದರ ಕೆಲಸಕ್ಕೆ ಎರಡು ಬೇಕಾಗಬಹುದು. ಆದಕಾರಣ ಎರಡರಿಂದ ನಾಲ್ಕು ವಾರಗಳಿಗೆ ಮೀರಿ ಇವನ್ನು ಕೊಡಬಾರದೆಂಬದು ವೈದ್ಯರ ಸಾಮಾನ್ಯ ನಿಯಮ.

ಹೆಚ್ಚಾಗಿ ಜಾಗ್ರತೆಪಡತಕ್ಕವರು ಯಾರಂದರೆ: ಮುದುಕರು, ಗರ್ಭಿಣಿಯರು, ಕುಡಿಯುವವರು, ಉಬ್ಬಸದವರು, ಮರುದಿನ ಬೆಳಿಗ್ಗೆ ಟ್ರಾಕ್ಟರ್ ಅಥವಾ ಮೋಟಾರು ನಡಿಸುವವರು. ಮುದಿ ತಾಯಿಯು ರಾತ್ರಿ ಗೊಣಗುತ್ತಾಳೆ, ಉಳಿದವರಿಗೆ ನಿದ್ರೆಯಿಲ್ಲ ಎಂದು ಮಗನು ತನ್ನ ಮಾತ್ರೆಯಲ್ಲಿ ಒಂದನ್ನು ಅವಳಿಗೆ ಕೊಡುತ್ತಾನೆ ಎಂದು ಎಣಿಸೋಣ. ಅವಳು ಬಯಲಿಗೆ ಹೋಗುವದಕ್ಕೆ ಕತ್ತಲಲ್ಲಿ ಎದ್ದಾಗ ಕಾಲು ನಿಲ್ಲದೆ ಬೀಳುತ್ತಾಳೆ. ಸೊಂಟದ ಮೂಳೆ ಮುರಿಯುತ್ತದೆ. ಮುರಿದದ್ದು ಹೊಸ್ತಿಲಿನಿಂದಲ್ಲ, ಮಾತ್ರೆಯಿಂದ. ಮಾತ್ರೆಯನ್ನು ಹೆಂಡದ ಮೇಲೆ ನುಂಗಿದವನ ಉಸಿರೇ ನಿಂತುಹೋಗಬಹುದು. ನೆಗಡಿಯ ಗುಳಿಗೆಯಿಂದ ನಿದ್ರೆ ಬರುತ್ತದೆಂದು ಅದನ್ನೇ ದಿನಾಲೂ ತೆಗೆದುಕೊಳ್ಳುವದು ಸಹ ಮುದುಕರಿಗೆ ಒಳ್ಳೆಯದಲ್ಲ. ಅದು ಬುದ್ಧಿಯನ್ನು ಮಂಕುಮಾಡಬಹುದು.

ಸರಕಾರದವರು ಇದನ್ನೆಲ್ಲಾ ನೋಡಿ ಆಲ್ಪ್ರಜೋಲಾಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್ ಇವುಗಳನ್ನು ಎಚ್-1 ಎಂಬ ಪಟ್ಟಿಯಲ್ಲಿ ಸೇರಿಸಿದ್ದಾರೆ. 2014ರ ಮಾರ್ಚಿಯಿಂದ ಈ ನಿಯಮವು ನಡೆಯುತ್ತಲಿದೆ. ವೈದ್ಯರ ಚೀಟಿಯಿಲ್ಲದೆ ಅಂಗಡಿಯವನು ಇವನ್ನು ಮಾರಕೂಡದು. ಬರೆದ ವೈದ್ಯರ ಹೆಸರನ್ನೂ ಕೊಂಡ ರೋಗಿಯ ಹೆಸರನ್ನೂ ಬೇರೆ ಪುಸ್ತಕದಲ್ಲಿ ಬರೆದು ಮೂರು ವರುಷ ಇಡಬೇಕು. ಪರಿಚಯದವನೆಂದು ಚೀಟಿಯಿಲ್ಲದೆ ಕೊಡುವ ಅಂಗಡಿಯವನು ನಿಮಗೆ ಉಪಕಾರ ಮಾಡುವದಿಲ್ಲ.

4. ಬಿಡುವದು ಹೇಗೆ?

ಈ ಪಾಠವನ್ನು ಓದಿದ ಕೂಡಲೇ ಯಾರಾದರೂ ತಮ್ಮ ಮಾತ್ರೆಯನ್ನು ಎಸೆದರೆ, ನಮ್ಮ ಮಾತನ್ನು ಅವರು ಅರ್ಧವೇ ಕೇಳಿದವರು. ತಿಂಗಳುಗಟ್ಟಳೆ ಇವನ್ನು ತೆಗೆದುಕೊಂಡವನು ಒಂದೇ ಸಾರಿ ನಿಲ್ಲಿಸಿದರೆ, ಮೊದಲಿಗಿಂತ ಹೆಚ್ಚಾದ ನಿದ್ರಾಹೀನತೆ, ನಡುಕ, ಬೆವರು, ಭಯ, ಕೆಲವರಿಗೆ ಭ್ರಮೆ ಮತ್ತು ಮೂರ್ಛೆರೋಗದಂಥ ಸೆಳವು ಸಹ ಬರುತ್ತವೆ. ಸೆಳವಿನಿಂದ ಪ್ರಾಣಹಾನಿಯೂ ಆಗಬಹುದು.

ಇದಕ್ಕೆ ದೃಷ್ಟಾಂತವು ನಮ್ಮ ನೆರೆಸೀಮೆಯಲ್ಲಿಯೇ ಉಂಟು. ರಾಯಚೂರು ಕಡೆಯಲ್ಲಿಯೂ ತೆಲಂಗಾಣದಲ್ಲಿಯೂ ಲಾಭಕೋರರು ಸೇಂದಿಗೆ ಕ್ಲೋರಲ್ ಹೈಡ್ರೇಟನ್ನೂ—ಜನರು ಸಿ.ಎಚ್. ಪುಡಿ ಅನ್ನುವದು ಇದನ್ನೇ—ಡಯಾಜೆಪಾಮ್, ಆಲ್ಪ್ರಜೋಲಾಮ್‌ಗಳನ್ನೂ ಬೆರಸುತ್ತಾ ಬಂದಿದ್ದಾರೆ. ಕುಡಿಯುವ ಕೂಲಿಯವರಿಗೆ ತಾವು ನಿದ್ರೆಯ ಔಷಧಕ್ಕೆ ದಾಸರಾದೆವೆಂಬದು ತಿಳಿಯದು. 2015ರ ಸೆಪ್ಟೆಂಬರಿನಲ್ಲಿ ತೆಲಂಗಾಣದ ನಿಜಾಮಾಬಾದ್ ಮೊದಲಾದ ಸ್ಥಳಗಳಲ್ಲಿ ಅಧಿಕಾರಿಗಳು ಕಲಬೆರಕೆಯನ್ನು ತಡೆದಾಗ, ಔಷಧವು ತಟ್ಟನೆ ತಪ್ಪಿದ್ದರಿಂದ ಬಹು ಜನರು ನಡುಗುತ್ತಾ, ತಮ್ಮಷ್ಟಕ್ಕೆ ಮಾತಾಡುತ್ತಾ, ಸೆಳವು ಬಂದು ಆಸ್ಪತ್ರೆಗಳನ್ನು ಸೇರಿದರು. ತಡೆದದ್ದು ನ್ಯಾಯವೇ, ಆದರೆ ಒಗ್ಗಿದ ದೇಹವು ನ್ಯಾಯವನ್ನು ಅರಿಯದು. ಅದನ್ನು ಮೆಲ್ಲಗೆ ಬಿಡಿಸಬೇಕು.

ಹಾಗಾದರೆ ಮಾಡತಕ್ಕದ್ದೇನು? ವೈದ್ಯರ ಬಳಿಗೆ ಹೋಗಿ, ಎಷ್ಟು ಕಾಲದಿಂದ, ಎಷ್ಟು ಮಾತ್ರೆ, ಕುಡಿತವುಂಟೋ ಇಲ್ಲವೋ ಎಂಬದನ್ನು ಮುಚ್ಚದೆ ಹೇಳಬೇಕು. ಅವರು ಸ್ವಲ್ಪ ಸ್ವಲ್ಪವಾಗಿ, ಕೆಲವು ವಾರಗಳಿಗೊಮ್ಮೆ ಅಳತೆಯನ್ನು ಇಳಿಸುತ್ತಾ ಬರುವರು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ನಡುವೆ ಒಂದೆರಡು ರಾತ್ರಿ ಕೆಟ್ಟರೆ ಸೋತೆನೆಂದು ತಿಳಿಯಬಾರದು.

ಬಿಡುವದು ಅಸಾಧ್ಯವೆಂದು ನಿರಾಶೆಪಡುವವರು ಈ ಸಂಗತಿಯನ್ನು ಕೇಳಲಿ. ಕೆನಡಾ ದೇಶದಲ್ಲಿ ಬಹುಕಾಲದಿಂದ ಈ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದ ಮುದುಕರಿಗೆ, ಅದರ ಅಪಾಯವನ್ನೂ ಕ್ರಮವಾಗಿ ಇಳಿಸುವ ರೀತಿಯನ್ನೂ ತಿಳಿಸುವ ಒಂದು ಚಿಕ್ಕ ಪುಸ್ತಕವನ್ನು ಕೊಟ್ಟು ಪರೀಕ್ಷಿಸಿದರು. 2014ರಲ್ಲಿ ಪ್ರಕಟವಾದ ಫಲವೇನಂದರೆ, ಆರು ತಿಂಗಳಲ್ಲಿ ಪುಸ್ತಕ ಸಿಕ್ಕವರೊಳಗೆ ನೂರಕ್ಕೆ 27 ಮಂದಿ ಮಾತ್ರೆಯನ್ನು ಪೂರ್ಣವಾಗಿ ಬಿಟ್ಟಿದ್ದರು. ಸಿಗದವರೊಳಗೆ ನೂರಕ್ಕೆ 5 ಮಂದಿ ಮಾತ್ರ. ತಿಳಿದವನಿಗೆ ದಾರಿ ಸುಲಭ.

5. ಮಾತ್ರೆಯಿಲ್ಲದ ಚಿಕಿತ್ಸೆ

ಅನೇಕರಿಗೆ ಗೊತ್ತಿಲ್ಲದ ಸಂಗತಿಯೇನಂದರೆ, ಬೇರೂರಿದ ನಿದ್ರಾಹೀನತೆಗೆ ಮೊದಲು ಮಾಡತಕ್ಕ ಚಿಕಿತ್ಸೆಯು ಮಾತ್ರೆಯಲ್ಲ, ಮಲಗುವ ರೂಢಿಯನ್ನು ತಿದ್ದುವದೇ. ಅಮೇರಿಕದ ವೈದ್ಯರ ಸಂಘದವರು 2016ರಲ್ಲಿ ಹೀಗೆಯೇ ನಿರ್ಣಯಿಸಿದರು. ಇದರ ನಿಯಮಗಳು ಬಡವನ ಮನೆಯಲ್ಲಿಯೂ ನಡೆಯತಕ್ಕವುಗಳೇ.

ಒಂದನೆಯದು: ರಾತ್ರಿ ಹೇಗೇ ಹೋಗಲಿ, ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು. ಎದ್ದು ಹೊರಗೆ ಬಂದು ಬೆಳಕಿನಲ್ಲಿ ಇರಬೇಕು.

ಎರಡನೆಯದು: ಚಾಪೆಯು ನಿದ್ರೆಗೆ ಮಾತ್ರ. ಹಗಲಿನಲ್ಲಿ ಚಾಪೆಯನ್ನು ಸುತ್ತಿ ಮೂಲೆಗೆ ನಿಲ್ಲಿಸುವ ನಮ್ಮ ಹಿರಿಯರ ರೂಢಿಯು ಒಳ್ಳೆಯದೇ. ಅದರ ಮೇಲೆ ಕೂತು ಲೆಕ್ಕ ಹಾಕುವದು, ಜಗಳಾಡುವದು, ಮೊಬೈಲು ನೋಡುವದು ಇವೆಲ್ಲವೂ ಚಾಪೆಯನ್ನು ಎಚ್ಚರದ ಸ್ಥಳವನ್ನಾಗಿ ಮಾಡುತ್ತವೆ.

ಮೂರನೆಯದು: ನಿದ್ರೆ ಬಂದಾಗಲೇ ಮಲಗಬೇಕು. ಸುಮಾರು ಇಪ್ಪತ್ತು ನಿಮಿಷ ಹೊರಳಾಡಿದರೂ ಬಾರದಿದ್ದರೆ, ಎದ್ದು ಜಗಲಿಯ ಮೇಲೆ ಕೂತು, ಸಣ್ಣ ಬೆಳಕಿನಲ್ಲಿ ಯಾವದಾದರೂ ಶಾಂತವಾದ ಕೆಲಸ ಮಾಡಿ, ಕಣ್ಣು ಎಳೆದಾಗ ಹಿಂದಿರುಗಬೇಕು. ಅರಸನಾದ ಅಹಷ್ವೇರೋಷನು ನಿದ್ರೆ ಬಾರದ ರಾತ್ರಿಯಲ್ಲಿ ಪುಸ್ತಕ ಓದಿಸಿ ಕೇಳಿದನೆಂದು ಎಸ್ತೇರಳ ಚರಿತ್ರೆಯಲ್ಲಿ ನೋಡುತ್ತೇವಷ್ಟೆ. ಗಡಿಯಾರವನ್ನು ಮಾತ್ರ ನೋಡುತ್ತಾ ಇರಬಾರದು.

ನಾಲ್ಕನೆಯದು: ನಿದ್ರೆಯಿಷ್ಟೇ ಚಾಪೆ. ರಾತ್ರಿ ಎಂಟಕ್ಕೆ ಮಲಗಿ ಐದಕ್ಕೆ ಏಳುವವನು ಒಂಬತ್ತು ತಾಸಿನಲ್ಲಿ ಆರು ತಾಸು ಮಾತ್ರ ನಿದ್ರಿಸಿದರೆ, ಉಳಿದ ಮೂರು ತಾಸು ಹೊರಳಾಟವೇ. ಅವನು ಹನ್ನೊಂದಕ್ಕೆ ಮಲಗಿ ಐದಕ್ಕೇ ಏಳಲಿ. ಒಂದು ವಾರ ಆ ಹೊತ್ತೆಲ್ಲಾ ಬಹುಮಟ್ಟಿಗೆ ನಿದ್ರೆ ಬಂದರೆ ಹದಿನೈದು ನಿಮಿಷ ಮುಂಚೆ ಮಲಗಲಿ. ಹೀಗೆ ವಾರವಾರಕ್ಕೆ ಹೆಚ್ಚಿಸಲಿ. ಐದೂವರೆ ತಾಸಿಗಿಂತ ಕಡಿಮೆ ಮಾಡಬಾರದು. ಮೂರ್ಛೆರೋಗದವರೂ, ಒಮ್ಮೆ ಅತಿ ಉತ್ಸಾಹ ಒಮ್ಮೆ ಅತಿ ದುಃಖ ಬರುವ ಮನೋರೋಗದವರೂ ವೈದ್ಯರನ್ನು ಕೇಳದೆ ಈ ನಿಯಮವನ್ನು ಹಿಡಿಯಬಾರದು. ಮೊದಲ ವಾರಗಳಲ್ಲಿ ಹಗಲು ತೂಕಡಿಕೆ ಬರುವದರಿಂದ ವಾಹನ ನಡಿಸುವವರು ಜಾಗ್ರತೆಯಾಗಿರಬೇಕು.

ಐದನೆಯದು: ಮಧ್ಯಾಹ್ನದ ಮೇಲೆ ಚಹಾ ಬೇಡ. ಚಿಂತೆಗಳನ್ನು ಚಾಪೆಯ ವರೆಗೆ ಹೊತ್ತುಕೊಂಡು ಹೋಗದೆ, ಸಂಜೆಯಲ್ಲಿಯೇ ಹೆಂಡತಿಯ ಸಂಗಡಲೋ ನೆಚ್ಚಿದವರ ಸಂಗಡಲೋ ಮಾತಾಡಿ, ನಾಳೆ ಮಾಡತಕ್ಕದ್ದು ಇದು, ನನ್ನ ಕೈಯಲ್ಲಿಲ್ಲದ್ದು ಇದು ಎಂದು ವಿಂಗಡಿಸಿಡಬೇಕು.

ರಾತ್ರಿ ನೀರು ಹಾಯಿಸುವವರು, ಏಳುವ ಹೊತ್ತು ಒಂದೇ ಇರಬೇಕೆಂಬ ನಿಯಮ ನಮಗೆ ಹೇಗೆ ಆದೀತು ಅನ್ನುವರು. ಅದು ನಿಜ. ಅವರು ಬೆಳಿಗ್ಗೆ ಬಂದು ಬೆಳಕು ಬಾರದ ಕೋಣೆಯಲ್ಲಿ ಮಲಗಲಿ. ಮನೆಯವರು ಆ ಹೊತ್ತಿನಲ್ಲಿ ಅವರನ್ನು ಎಬ್ಬಿಸದಿರಲಿ. ಅಣ್ಣತಮ್ಮಂದಿರು ಸರದಿ ಹಾಕಿಕೊಂಡು ರಾತ್ರಿಗಳನ್ನು ಹಂಚಿಕೊಳ್ಳಲಿ. ಇದು ಮಾತ್ರೆ ಮಾಡತಕ್ಕ ಕೆಲಸವಲ್ಲ, ಮನೆಯವರು ಮಾಡತಕ್ಕ ಕೆಲಸ.

6. ಔಷಧ ತೆಗೆದುಕೊಳ್ಳುವದು ಅಪನಂಬಿಕೆಯೋ?

ಪ್ರಾರ್ಥಿಸುವವನಿಗೆ ಮಾತ್ರೆ ಯಾಕೆ ಎಂದು ಕೇಳುವವರು ನಮ್ಮೊಳಗೆ ಇದ್ದಾರೆ. ಹೀಗೆ ಕೇಳಿ ನಿದ್ರೆಯಿಲ್ಲದವನ ಹೊರೆಯ ಮೇಲೆ ಅಪರಾಧದ ಹೊರೆಯನ್ನೂ ಇಡಬಾರದು. ಹಿಜ್ಕೀಯನು ಪ್ರಾರ್ಥಿಸಿದನು, ಪ್ರವಾದಿಯಾದ ಯೆಶಾಯನು ಅವನ ಹುಣ್ಣಿಗೆ ಅಂಜೂರದ ಉಂಡೆಯನ್ನು ಕಟ್ಟಿಸಿದನು, ಒಂದು ಇನ್ನೊಂದಕ್ಕೆ ವಿರೋಧವಾಗಲಿಲ್ಲ. ಸಾಯಬೇಕೆಂದು ಅಡವಿಯಲ್ಲಿ ಮಲಗಿದ ಎಲೀಯನಿಗೆ ಮೊದಲು ಸಿಕ್ಕಿದ್ದು ಬೋಧನೆಯಲ್ಲ, ನಿದ್ರೆ, ರೊಟ್ಟಿ ಮತ್ತು ನೀರು. ವೈದ್ಯರು ಅಳತೆಯಿಂದ ಕೊಟ್ಟ ಔಷಧವನ್ನು ಅಳತೆಯಿಂದ ತೆಗೆದುಕೊಳ್ಳುವದರಲ್ಲಿ ನಾಚಿಕೆಯಿಲ್ಲ.

7. ಸಹಾಯವು ಎಲ್ಲಿ?

ಮನಸ್ಸಿನ ವೈದ್ಯರು ದೊಡ್ಡ ಪಟ್ಟಣದಲ್ಲಿ ಮಾತ್ರ ಇದ್ದಾರೆಂದು ಹಳ್ಳಿಯವರು ಸುಮ್ಮನೆ ಕೂಡ್ರಬಾರದು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ದೇವಸಮುದ್ರದ ನೆರೆಯದಾದ ಆಗಿನ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳ ವಿಷಯವಾಗಿ ತರಬೇತು ಕೊಟ್ಟರು. ಸಾಧಾರಣ ವೈದ್ಯರೇ ಕೆಲವು ಔಷಧಗಳಿಂದಲೂ ಒಳ್ಳೇ ಮಾತಿನಿಂದಲೂ ಬಹು ರೋಗಿಗಳನ್ನು ಊರ ಹತ್ತಿರವೇ ನೋಡಬಹುದೆಂಬದನ್ನು ಬಳ್ಳಾರಿಯು ತೋರಿಸಿತು. ಅದರ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಯೂ ಉಂಟು: 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಫೋನು ಮಾಡಿದರೆ, ಖರ್ಚಿಲ್ಲದೆ ಕನ್ನಡದಲ್ಲಿ ಮಾತಾಡಬಹುದು. ನಿದ್ರೆ ಬಾರದೆ ಮನಸ್ಸು ಕುಗ್ಗಿದವನಿಗೆ ನಡುರಾತ್ರಿ ಮಾತಾಡುವವರು ಇದ್ದಾರೆಂಬದು ದೊಡ್ಡ ಉಪಕಾರ.

ಪ್ರಿಯರೇ, ನಿದ್ರೆಯು ಎಳೆದರೆ ಬರುವದಲ್ಲ. ದಾರಿಯನ್ನು ಹಸನುಮಾಡಿದರೆ ತಾನಾಗಿ ಬರುವದು. ಮಾತ್ರೆಗೆ ಅಂಜಬೇಡಿರಿ, ಮಾತ್ರೆಯನ್ನೇ ನೆಚ್ಚಿಯೂ ಇರಬೇಡಿರಿ. ನೆರೆಯವನು ನಿದ್ರೆಯಿಲ್ಲವೆಂದು ಹೇಳಿದರೆ ಅವನಿಗೆ ನಿಮ್ಮ ಮಾತ್ರೆಯನ್ನು ಕೊಡಬೇಡಿರಿ. ನಿಮ್ಮ ಒಂದು ತಾಸಿನ ಹೊತ್ತನ್ನು ಕೊಟ್ಟು ಅವನ ಸಂಗಡ ಆಸ್ಪತ್ರೆಗೆ ನಡೆಯಿರಿ.

ಆಲೋಚಿಸತಕ್ಕ ಪ್ರಶ್ನೆಗಳು

1. ನಿಮ್ಮ ಊರಿನಲ್ಲಿ ನಿದ್ರೆ ಕೆಡುವದಕ್ಕೆ ಮುಖ್ಯ ಕಾರಣಗಳು ಯಾವವು? ಅವುಗಳೊಳಗೆ ಮನೆಯವರು ಕೂಡಿ ನಿವಾರಿಸಬಹುದಾದದ್ದು ಯಾವದು?

2. ತನಗೆ ಬರೆದುಕೊಟ್ಟ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವದರಿಂದ ಆಗುವ ಅಪಾಯಗಳನ್ನು ಹೇಳಿರಿ.

3. ಬಹುಕಾಲ ತೆಗೆದುಕೊಂಡ ಮಾತ್ರೆಯನ್ನು ಒಂದೇ ದಿನದಲ್ಲಿ ಯಾಕೆ ಬಿಡಬಾರದು?

4. ಐದು ನಿಯಮಗಳೊಳಗೆ ನಿಮ್ಮ ಮನೆಯಲ್ಲಿ ಈ ವಾರವೇ ನಡಿಸತಕ್ಕದ್ದು ಯಾವದು?

5. ನಿದ್ರೆಯಿಲ್ಲದವನು ಬದುಕು ಬೇಡವೆಂದು ಮಾತಾಡಿದರೆ, ಆ ದಿನ ನೀವು ಏನು ಮಾಡುವಿರಿ?